ಗಡಿಯಾರ ಹನ್ನೊಂದು ನಿಮಿಷ ನಿಧಾನವಿತ್ತೆಂದು ತೀರ್ಪು ಕೋರಿ

ದಿನಾಂಕ: 29 ಮಾರ್ಚ್ 1971, ಸೋಮವಾರ.
ಈಸ್ಟರ್ ಹಬ್ಬಕ್ಕೆ ಉಳಿದ ದಿನ: ಹದಿಮೂರು. ಬೇಕಾದವರು: ಇಬ್ಬರು. ಇರುವವರು: ಸೊನ್ನೆ.

ಇಂದ:
ಸಿಲಾಸ್ ಗೆಡ್ನಿ, ವಯಸ್ಸು 78,
ನಿವೃತ್ತ ಗಣಿತ ಉಪಾಧ್ಯಾಯ ಹಾಗೂ ಸಂತ ಆಸ್ವಾಲ್ಡ್ ದೇವಾಲಯದ ವಾರ್ಡನ್,
ನೆದರ್ ಪಿಪ್ಟನ್ ಗ್ರಾಮ, ಹೆರೆಫರ್ಡ್ ಸೀಮೆ.

ಗೆ:
ಮಾನ್ಯ ಚಾನ್ಸೆಲರ್ ಅವರು,
ಬಿಷಪರ ಧರ್ಮನ್ಯಾಯಾಲಯ.

ವಿಷಯ: 9 ನವೆಂಬರ್ 1931ರಂದು ಅರ್ಜಿದಾರನ ಮನೆಯ ಗಡಿಯಾರವು ಹನ್ನೊಂದು ನಿಮಿಷ ನಿಧಾನವಿತ್ತೆಂದು ತೀರ್ಪು ನೀಡುವ ಬಗ್ಗೆ.

ಉಲ್ಲೇಖ: (ಅ) 1662ರ ಪ್ರಾರ್ಥನಾ ಪುಸ್ತಕದಲ್ಲಿ ಪ್ರಭುಭೋಜನ, ರೋಗಿಯ ಪ್ರಭುಭೋಜನ ಮತ್ತು ಶವಸಂಸ್ಕಾರಕ್ಕೆ ಸೇರಿದ ಸೂಚನೆಗಳು. (ಆ) ಮಿಸ್ ವಿನಿಫ್ರೆಡ್ ಆರ್ಚರ್ಡ್ ಅವರು ಹಾಸಿಗೆಯಿಂದ ಮೌಖಿಕವಾಗಿ ಹಾಕಿದ ಛೀಮಾರಿ, ದಿ. 27-3-1971.

ಮಾನ್ಯರೇ,

1. ನಮ್ಮ ದೇವಾಲಯದಲ್ಲಿ ಭಾನುವಾರ ಬೆಳಿಗ್ಗೆ ಎಂಟರ ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಬರುವವರು ಮೂವರು: ಅರ್ಜಿದಾರ, ಅವನ ದಿವಂಗತ ಪತ್ನಿ ಹೆಸ್ಟರಳ ತಮ್ಮ ಜಾಬೆಜ್ ಮಂಡಿ, ಮತ್ತು ಎಂಬತ್ತಾರು ವರ್ಷದ ಮಿಸ್ ಆರ್ಚರ್ಡ್. ಪಾದ್ರಿಯಲ್ಲದೆ ಕನಿಷ್ಠ ಮೂವರಿರಬೇಕೆಂದು ಪುಸ್ತಕ ಹೇಳುವುದರಿಂದ ಲೆಕ್ಕ ಸರಿಹೋಗುತ್ತಿತ್ತು. ಶೇಷವಿರಲಿಲ್ಲ.

2. ಅರ್ಜಿದಾರನೂ ಜಾಬೆಜನೂ ಮೂವತ್ತೊಂಬತ್ತು ವರ್ಷಗಳಿಂದ ಮಾತನಾಡಿಲ್ಲ. ಇಬ್ಬರ ನಡುವೆ ಮಿಸ್ ಆರ್ಚರ್ಡ್ ಮೊಣಕಾಲೂರುತ್ತಿದ್ದರು. ಬಾಗಿಲ ಗಾಳಿ ಜೋರಾದಾಗ ಅರ್ಜಿದಾರನು, "ಆ ಮನುಷ್ಯನಿಗೆ ಬಾಗಿಲು ಹಾಕೋಕೆ ಹೇಳಿ" ಎಂದು ಅವರಿಗೆ ಹೇಳುವುದು, "ಅವರಿಗೂ ಎರಡು ಕೈ ಇವೆ, ಎಣಿಸಿಕೊಳ್ಳೋಕೆ ಹೇಳಿ" ಎಂಬ ಉತ್ತರ ಅವರ ಮೂಲಕವೇ ಬರುವುದು ರೂಢಿಯಾಗಿತ್ತು.

3. ಹೊಸ ಪಾದ್ರಿ ರೆವರೆಂಡ್ ಲಯನೆಲ್ ಪಾಸ್ಕ್ ಫೆಬ್ರವರಿಯಲ್ಲಿ ಇದನ್ನು ಗಮನಿಸಿದರು. ಹಗೆಯುಳ್ಳವರನ್ನು ರಾಜಿಯಾಗುವವರೆಗೆ ಪ್ರಭುವಿನ ಮೇಜಿಗೆ ಸೇರಿಸಬಾರದೆಂಬ ಸೂಚನೆಯಂತೆ ಇಬ್ಬರನ್ನೂ ತಡೆದರು. ಕ್ರಮ ಸರಿಯಾಗಿಯೇ ಇದೆ; ಈ ಬಗ್ಗೆ ಅರ್ಜಿದಾರನ ದೂರಿಲ್ಲ. ಆದರೆ ಮೂರರಲ್ಲಿ ಎರಡು ಕಳೆದರೆ ಒಂದು. ಒಬ್ಬರಿಗಾಗಿ ಪ್ರಭುಭೋಜನ ನಡೆಯದು. ಕಾರಣ, ಯಾವ ಜಗಳವನ್ನೂ ಆಡದ ಮಿಸ್ ಆರ್ಚರ್ಡ್ ಉಪವಾಸ ಬಿದ್ದರು.

4. ಮಾರ್ಚ್ 16ರಿಂದ ಅವರು ಹಾಸಿಗೆ ಹಿಡಿದಿದ್ದಾರೆ. ಈಸ್ಟರ್‌ವರೆಗೆ ಅವರು ಬದುಕಿರುತ್ತಾರೆಂದು ವೈದ್ಯರು ಹೇಳಲಿಲ್ಲ. ರೋಗಿಯ ಜೊತೆಗೆ ಇಬ್ಬರು ಸ್ವೀಕರಿಸಿದರೆ ಸಾಕೆಂದು ಪುಸ್ತಕದಲ್ಲಿ ರಿಯಾಯಿತಿಯಿದೆ. ಊರಿನಲ್ಲಿ ಆ ಇಬ್ಬರು ಯಾರೆಂಬುದು ಮೇಲೆ ತಿಳಿಸಿದೆ.

5. ಸಾಂಕ್ರಾಮಿಕ ರೋಗದ ಕಾಲದಲ್ಲಿ ಪಾದ್ರಿಯೊಬ್ಬರೇ ರೋಗಿಯೊಡನೆ ಸ್ವೀಕರಿಸಬಹುದು. ಆದ್ದರಿಂದ ಸದರಿ ಜಗಳವನ್ನು ಅಂಟುರೋಗವೆಂದು ಪರಿಗಣಿಸಬಹುದೇ ಎಂದು ಅರ್ಜಿದಾರನು ಲಿಖಿತವಾಗಿ ಕೇಳಿದನು. ರೋಗವು ರೋಗಿಯಲ್ಲಿರಬೇಕು, ಭೇಟಿಗೆ ಬರುವವರಲ್ಲಲ್ಲ ಎಂದು ಪಾದ್ರಿಗಳು ಉತ್ತರಿಸಿದರು. ವಿಶ್ವಾಸದಿಂದ ಮನಸ್ಸಿನಲ್ಲೇ ಸ್ವೀಕರಿಸಿದರೂ ಫಲವುಂಟೆಂದು ಅವರು ಮಿಸ್ ಆರ್ಚರ್ಡ್ ಅವರಿಗೆ ಓದಿ ಹೇಳಿದರು. "ಇಷ್ಟು ವರ್ಷ ಬಾಯಲ್ಲಿ ತಿಂದವಳು ನಾನು. ಈಗ ಮನಸ್ಸಲ್ಲಿ ತಿನ್ನು ಅಂದರೆ ಹೇಗಪ್ಪಾ ಮರಿ?" ಎಂದು ಅವರು ಕೇಳಿದ್ದಾರೆ.

6. ಜಗಳದ ವಿವರ. 9-11-1931ರಂದು ಅರ್ಜಿದಾರನ ಮೂರು ದಿನದ ಗಂಡು ಮಗುವಿಗೆ ಉಸಿರು ಕಟ್ಟತೊಡಗಿತು. ಹೆಸ್ಟರ್ ಜ್ವರದಲ್ಲಿ ಎಚ್ಚರ ತಪ್ಪಿದ್ದಳು. ದೀಕ್ಷಾಸ್ನಾನ ಮಾಡಿಸಲು ಅರ್ಜಿದಾರನು ಅಂದಿನ ಪಾದ್ರಿಯನ್ನು ಕರೆತರಲು ಓಡಿದನು. ಆರೈಕೆಗಿದ್ದ ಮಿಸ್ ಆರ್ಚರ್ಡ್, ಉಸಿರು ನಿಂತಾಗ ಮನೆಯ ಗಡಿಯಾರ ನೋಡಿದರು: ನಾಲ್ಕು ಗಂಟೆ ಹತ್ತು ನಿಮಿಷ. ಅಳುತ್ತಾ ಅಡುಗೆಮನೆಗೆ ಹೋದರು. ಮರಳಿ ಬಂದಾಗ ಜಾಬೆಜ್ ಒದ್ದೆ ಕೈಯಲ್ಲಿ ನಿಂತಿದ್ದನು. ಮಗುವಿಗೆ ಜೀವವಿತ್ತು, ನೀರು ಸುರಿದು ತ್ರಿಯೇಕ ನಾಮದಲ್ಲಿ ದೀಕ್ಷೆ ಕೊಟ್ಟೆ, ಹೆಸರನ್ನೂ ಇಟ್ಟೆ ಎಂದನು. ತುರ್ತಿನಲ್ಲಿ ಯಾವ ವಿಶ್ವಾಸಿಯೂ ಹಾಗೆ ಮಾಡಬಹುದು; ಆದರೆ ಜೀವ ಹೋದ ಮೇಲೆ ಕೊಟ್ಟ ದೀಕ್ಷೆ ಸಲ್ಲದು.

7. ಆದರೆ ಅರ್ಜಿದಾರನು ಪಾದ್ರಿಯೊಡನೆ ಬರುವಾಗ, ದೇವಾಲಯದ ಗಡಿಯಾರದಲ್ಲಿ ನಾಲ್ಕೂಕಾಲಿಗೆ ಸರಿಯಾಗಿ, ಜಾಬೆಜನನ್ನು ದೇವಾಲಯದ ಗೇಟಿನಲ್ಲಿ ಕಂಡಿದ್ದನು. ಸುದ್ದಿ ಕೇಳಿ ಜಾಬೆಜನು ಇವರಿಗಿಂತ ಮುಂದೆ ಓಡಿದನು. ಅಲ್ಲಿಂದ ಮನೆಗೆ, ಓಡಿದರೂ, ನಾಲ್ಕು ನಿಮಿಷ. ಮನೆಯ ಗಡಿಯಾರಕ್ಕೆ ಪ್ರತಿ ಶನಿವಾರ ಕೀಲಿ ಕೊಟ್ಟು ಸರಿಹೊಂದಿಸುತ್ತಿದ್ದವನು ಅರ್ಜಿದಾರನೇ. ನೀರು ಬೀಳುವಾಗ ಮಗುವಿಗೆ ಜೀವವಿತ್ತೇ ಎಂದು ಪಾದ್ರಿ ಕೇಳಿದರು. ಅರ್ಜಿದಾರನು ಲೆಕ್ಕ ಹೇಳಿದನು.

8. ದೀಕ್ಷೆಯಿಲ್ಲದೆ ತೀರಿಕೊಂಡವರಿಗೆ ಶವಸಂಸ್ಕಾರದ ವಿಧಿಯನ್ನು ಬಳಸಕೂಡದು. ಆದ್ದರಿಂದ ಮಗುವನ್ನು ಉತ್ತರದ ಗೋಡೆಯ ಬಳಿ ಮಾತಿಲ್ಲದೆ ಹೂಳಲಾಯಿತು. ಹೆಸ್ಟರ್ 1958ರವರೆಗೆ ಬದುಕಿದ್ದಳು. ಶನಿವಾರ ಗಡಿಯಾರಕ್ಕೆ ಕೀಲಿ ಕೊಡುವ ಹೊತ್ತಿಗೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. ಅರ್ಜಿದಾರನು ಕಾರಣ ಕೇಳಲಿಲ್ಲ.

9. ಮೊನ್ನೆ ಶನಿವಾರ ಮಿಸ್ ಆರ್ಚರ್ಡ್ ಇಬ್ಬರನ್ನೂ ಕರೆಸಿ, ಹಾಸಿಗೆಯ ಆಚೆಗೊಬ್ಬರನ್ನು ಈಚೆಗೊಬ್ಬರನ್ನು ಕೂರಿಸಿದರು. ಜಾಬೆಜನು ಅವರ ಕಡೆಗೇ ನೋಡುತ್ತಾ, "ಗಡಿಯಾರ ನಿಧಾನ ಇತ್ತು ಅಂತ ಒಂದು ಮಾತು ಅಂದುಬಿಡಲಿ, ಎಲ್ಲ ಮುಗೀತು. ಮರದ ಪೆಟ್ಟಿಗೆ, ಅದರ ಮಾನವೇನು ಹೋಗುತ್ತಾ?" ಎಂದನು.

"ನಿಧಾನ ಇರಲಿಲ್ಲ," ಎಂದು ಅರ್ಜಿದಾರನು ಹೇಳಿದನು. ನಂತರ, ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನೇರವಾಗಿ ಕೇಳಿದನು: "ಉಸಿರಿತ್ತೇನೋ?"

ಜಾಬೆಜನು ಕೈ ನೋಡಿಕೊಂಡನು. "ಹಣೆ ಬೆಚ್ಚಗಿತ್ತು ಭಾವ. ಉಸಿರು ಎಣಿಸೋಕೆ ನಾನೇನು ಮೇಷ್ಟ್ರೇ?"

ಬಿಸುಪು ಉಸಿರಲ್ಲ. ಅರ್ಜಿದಾರನು ಹಾಗೆಂದು ಹೇಳಲು ಹೊರಟಾಗ ಮಿಸ್ ಆರ್ಚರ್ಡ್ ಉಲ್ಲೇಖ (ಆ)ದಲ್ಲಿನ ಛೀಮಾರಿಯನ್ನು ಹಾಕಿದರು: "ಸಿಲಾಸ್, ಆವತ್ತಿಂದ ನೀನೇ ಸರಿ. ಏನು ಸಿಕ್ಕಿತು?"



10. ತನಗೆ ನಿಜವೆಂದು ತಿಳಿಯದ್ದನ್ನು ಅರ್ಜಿದಾರನು ಹೇಳಲಾರನು. ಆದರೆ ಧರ್ಮಸಭೆಗೆ ವಿಶ್ವಾಸದ ವಿವಾದಗಳಲ್ಲಿ ತೀರ್ಮಾನಿಸುವ ಅಧಿಕಾರವಿದೆಯೆಂದು ನಮ್ಮ ಮತವಿಧಿಗಳ ಇಪ್ಪತ್ತನೆಯದು ಸಾರುತ್ತದೆ. ದೀಕ್ಷಾಸ್ನಾನವು ವಿಶ್ವಾಸದ ವಿಷಯ. ಸದರಿ ದೀಕ್ಷಾಸ್ನಾನವು ಸದರಿ ಗಡಿಯಾರವನ್ನು ಅವಲಂಬಿಸಿದೆ. ಆದಕಾರಣ ಗಡಿಯಾರವು ತಮ್ಮ ವ್ಯಾಪ್ತಿಗೆ ಬರುತ್ತದೆ. ತಾವು ಆದೇಶಿಸಿದರೆ ಅದನ್ನು ಪಾಲಿಸಿ ನುಡಿಯಲು ವಾರ್ಡನ್ ಆದ ಅರ್ಜಿದಾರನು ಬದ್ಧನು. ಅದು ಸುಳ್ಳಾಗದು, ವಿಧೇಯತೆಯಾಗುತ್ತದೆ.

11. ಕೋರಿದ ನಿಮಿಷಗಳ ಲೆಕ್ಕ: ಮನೆಯ ನಾಲ್ಕು ಹತ್ತರಿಂದ ಗೇಟಿನ ನಾಲ್ಕೂಕಾಲಿಗೆ ಐದು, ದಾರಿಗೆ ನಾಲ್ಕು, ಮೆಟ್ಟಿಲಿಗೆ ಒಂದು, ನೀರಿಗೂ ಮಾತಿಗೂ ಸೇರಿ ಒಂದು. ಒಟ್ಟು ಹನ್ನೊಂದು. ಹೆಚ್ಚಿಗೆ ಕೇಳುತ್ತಿಲ್ಲ.

ಆದ್ದರಿಂದ ಸದರಿ ತೀರ್ಪನ್ನು ಮಿಸ್ ಆರ್ಚರ್ಡ್ ಅವರ ಆಯುಸ್ಸಿನೊಳಗೆ ದಯಪಾಲಿಸಬೇಕಾಗಿ, ಹಾಗೂ ಉತ್ತರದ ಗೋಡೆಯ ಬಳಿ ಒಂದು ಅಡಿಯ ಕಲ್ಲಿಗೆ ಅನುಮತಿ ನೀಡಬೇಕಾಗಿ ಪ್ರಾರ್ಥನೆ. ಕಲ್ಲಿನ ಮೇಲೆ ಕೆತ್ತಬೇಕಾದ ಹೆಸರನ್ನು ಜಾಬೆಜ್ ಮಂಡಿ ಅಂದೇ ತಿಳಿಸಿದ್ದಾನೆ. ಅರ್ಜಿದಾರನಿಗೆ ಅದು ಮರೆತಿಲ್ಲ. ತೀರ್ಪು ಬರುವವರೆಗೆ ಬರೆಯಲು ಅಧಿಕಾರವಿಲ್ಲದ ಕಾರಣ ಜಾಗ ಖಾಲಿ ಬಿಟ್ಟಿದೆ: ____________

ತಮ್ಮ ವಿಶ್ವಾಸಿ, ಗಡಿಯಾರದ ವಿಶ್ವಾಸಿಯಾಗಿರುವುದನ್ನು ಬಿಡಲು ಸಿದ್ಧನಿರುವ,
ಸಿಲಾಸ್ ಗೆಡ್ನಿ

ಲಗತ್ತುಗಳು:
1. ವೈದ್ಯರ ಚೀಟಿ, ಒಂದು.
2. ಗಡಿಯಾರ, ಒಂದು, ಪೆಟ್ಟಿಗೆಯಲ್ಲಿ. ಇಂದಿಗೂ ಸರಿಯಾದ ಸಮಯವನ್ನು ತೋರಿಸುತ್ತಿದೆ. ಈ ಅಂಶವನ್ನು ಪರಿಗಣಿಸಬಾರದಾಗಿ ವಿನಂತಿ.

ಬಾಕಿ: ಜಾಬೆಜ್ ಮಂಡಿಗೆ ಅರ್ಜಿದಾರನಿಂದ ಸಲ್ಲಬೇಕಾದ ಹನ್ನೊಂದು ನಿಮಿಷ. ಗಡಿಯಾರವನ್ನು ಹಿಂದಿರುಗಿಸುವ ಅಗತ್ಯವಿಲ್ಲ.