ಹೆದರಿಸುವ ಕೆಲಸದಲ್ಲಿ ಹೆದರಿದವರು

ನನಗೆ ಬರೆದು ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ವಾರವಿಡೀ ಕಂಪ್ಯೂಟರ್ ಕೆಲಸ ಮಾಡುವ ನಾನು ತಿಂಗಳಿಗೊಂದು ವಾರಾಂತ್ಯ ಅಮೆರಿಕದ ಮೀಸಲು ಸೈನಿಕ. ಮೀಸಲು ಅಂದರೆ, ಕರೆದಾಗ ಹೋಗುವವರು. ನಮ್ಮ ಘಟಕದ ಕೆಲಸ ಗುಂಡು ಹಾರಿಸುವುದಲ್ಲ; ಕರಪತ್ರ, ಧ್ವನಿವರ್ಧಕಗಳಿಂದ ಶತ್ರುವಿನ ಧೈರ್ಯ ಕೆಡಿಸುವುದು. ಆದರೆ ಹೆಚ್ಚಿನ ಸಲ ಕೆಡುವುದು ನಮ್ಮದೇ.

೧. ಶರಣಾದ ಅಜ್ಜಿ

ಅಟ್ಲಾಂಟಾ ಆಚೆ, ಬೆಳಗಿನ ಮಂಜಿನಲ್ಲಿ, ಅಭ್ಯಾಸಕ್ಕೆಂದು ಕರಪತ್ರ ಉದುರಿಸಿದೆವು. 'ಶರಣಾಗಿ, ಬಿಸಿ ಊಟ ಕೊಡುತ್ತೇವೆ' ಎಂದು ಅದರಲ್ಲಿತ್ತು. ಗಾಳಿ ತಿರುಗಿ ಎಲ್ಲವೂ ಎತ್ತಲೋ ಹಾರಿಹೋದವು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಬಿಳಿ ಆಕೃತಿಯೊಂದು ಎರಡೂ ಕೈ ಮೇಲೆತ್ತಿ, ಸದ್ದಿಲ್ಲದೆ ನಮ್ಮತ್ತ ಬಂತು. ನಮ್ಮ ಸಾರ್ಜೆಂಟರ ಕೈಯಿಂದ ಕಾಫಿ ಬಿತ್ತು. ನೋಡಿದರೆ, ನೈಟ್‌ಗೌನ್ ತೊಟ್ಟ ಪಕ್ಕದ ಫಾರ್ಮಿನ ಅಮೆರಿಕನ್ ಅಜ್ಜಿ, ಕೈಯಲ್ಲಿ ನಮ್ಮದೇ ಕರಪತ್ರ!

"ಶರಣಾದೆ ಕಣ್ರಪ್ಪಾ," ಅಂದಳು. "ಊಟ ಎಲ್ಲಿ?"

೨. ಕಾಡಿನ ಉತ್ತರ

ಆಮೇಲೆ ಮೇಲಿನವರು ಹೇಳಿಯೇಬಿಟ್ಟರು: ಉತ್ತರ ಕ್ಯಾರೊಲಿನಾದ ಪರೀಕ್ಷೆಯಲ್ಲಿ ಫೇಲಾದರೆ ಘಟಕ ಮುಚ್ಚುತ್ತೇವೆ. ಪರೀಕ್ಷೆ ಅಂದರೆ, ಪೈನ್ ಕಾಡಿನಲ್ಲಿ ಶತ್ರುಗಳಂತೆ ಅಡಗಿದ ಸೈನಿಕರನ್ನು ಬರೀ ದನಿಯಿಂದ ಹೊರಗೆ ಓಡಿಸಬೇಕು. ಅದಕ್ಕೆ ಬೇಕಾದ ಶತ್ರುವಿನ ಭಾಷೆ ಬಲ್ಲ ನಮ್ಮವನಿಗೆ ಅವನ ಆಫೀಸಿನಲ್ಲಿ ರಜೆ ಸಿಗಲಿಲ್ಲ.

"ನಿನ್ನ ಭಾಷೇಲೇ ಮಾತಾಡು, ಯಾರಿಗೆ ತಿಳಿಯುತ್ತೆ?" ಅಂದರು ಸಾರ್ಜೆಂಟ್.

ಮುಸ್ಸಂಜೆ. ಬಾಯಿಗೆ ಬಂದದ್ದನ್ನು ಎಳೆದೆಳೆದು ಹೇಳಿದೆ: "ಕತ್ತಲಾಯ್ತು... ಬನ್ನೀ... ಇನ್ನೆಷ್ಟು ಹೊತ್ತು ಅಲ್ಲಿರ್ತೀರಿ..." ಮೈಕ್ ಆಫ್ ಮಾಡಿದೆ. ಒಂದು ಹಕ್ಕಿಯ ಸದ್ದೂ ಇಲ್ಲ. ಆಗ ಮರಗಳ ಒಳಗಿಂದ ನಡುಗುವ ದನಿ, ಕನ್ನಡದಲ್ಲೇ: "ಬಂದೇ ಸ್ವಾಮೀ... ಒಂದ್ ನಿಮಿಷ..."

ಶತ್ರುಗಳು ಕಿರುಚುತ್ತ ಕಾಡಿನಿಂದ ಹೊರಗೆ ಓಡಿಬಂದರು. ಅವರ ಹಿಂದೆಯೇ, ಪಕ್ಕದ ಮೈದಾನದಿಂದ ಗಾಲ್ಫ್ ಚೆಂಡು ಹುಡುಕುತ್ತ ದಾರಿ ತಪ್ಪಿದ್ದ, ದಕ್ಷಿಣ ಕ್ಯಾರೊಲಿನಾದ ನಮ್ಮೂರು ಕೊಲಂಬಿಯಾದ ಕನ್ನಡಿಗ ಡಾಕ್ಟರ್ ಅಂಕಲ್!

"ಈ ಕಾಡಲ್ಲಿ ಮೇಲಿಂದ ಕನ್ನಡದಲ್ಲಿ ಕರೀತಾರೆ ಅಂದ್ರೆ, ನನ್ ಟೈಮ್ ಮುಗೀತು ಅಂದ್ಕೊಂಡೆ ಕಣಯ್ಯಾ!"

೩. ಎರಡನೇ ಸ್ಪೀಕರ್

ದೂರದ ದಿಬ್ಬದ ಮೇಲಿದ್ದ ಪರೀಕ್ಷಕರಿಗೆ ಅಂಕಲ್ ಕಾಣಲಿಲ್ಲ. "ಕಾಡೊಳಗೆ ಬಚ್ಚಿಟ್ಟ ಆ ಎರಡನೇ ಸ್ಪೀಕರ್ ಅದ್ಭುತ! ಶನಿವಾರ ಜನರಲ್ ಬರ್ತಾರೆ. ಮತ್ತೆ ಮಾಡಿ ತೋರಿಸಿದರೆ ಪಾಸ್" ಅಂದರು. ನಮ್ಮಲ್ಲಿರುವುದು ಒಂದೇ ಸ್ಪೀಕರ್, ಅದೂ ಹಳೆಯದು. ಸಾರ್ಜೆಂಟ್ ಮಾತ್ರ "ಯೆಸ್ ಸರ್" ಅಂದುಬಿಟ್ಟರು. ಯಾಕೆ ಹಾಗೆ ಅಂದರು ಎಂದು ವಿವರಿಸಬೇಕು. ಸೈನ್ಯದಲ್ಲಿ ಇಲ್ಲ ಅನ್ನುವುದಕ್ಕೂ ಒಂದು ಕ್ರಮವಿದೆ. ಆ ಕ್ರಮ ಏನೆಂದರೆ, ಮೊದಲು...

ತಡೆಯಿರಿ, ಹೆಂಡತಿ ಕರೆಯುತ್ತಿದ್ದಾಳೆ. "ರೀ, ಬೇಗ ಬನ್ನಿ! ಡಾಕ್ಟರ್ ಅಂಕಲ್ ಬಂದಿದ್ದಾರೆ. ಶನಿವಾರಕ್ಕೆ ಪ್ರಾಕ್ಟೀಸ್ ಅಂತ ಲಿವಿಂಗ್ ರೂಮಲ್ಲಿ ನಿಂತು ದೆವ್ವದ ಥರ ಕೂಗ್ತಿದ್ದಾರೆ. ಮಗು ಸೋಫಾ ಕೆಳಗಿಂದ ಈಚೆಗೇ ಬರ್ತಾ ಇಲ್ಲ!"