ಹೂಂ ಅನ್ನದ ವ್ರತ

ಬೇಡದ ಫೋನು ಮಾಡುವವರನ್ನು ಓಡಿಸುವ ವಿದ್ಯೆಯಲ್ಲಿ ಇಡೀ ಹೈದರಾಬಾದಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ಬೀಗುತ್ತಿದ್ದೆ. ಬೇಗಂ ಬಜಾರಿನಲ್ಲಿ ನನ್ನದು ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ. ಗಿರಾಕಿಗಳು ಯಾವ ಯಾವುದೋ ನಂಬರಿನಿಂದ ಫೋನ್ ಮಾಡುತ್ತಾರೆ, ಹಾಗಾಗಿ ಎತ್ತದೆ ವಿಧಿಯಿಲ್ಲ. ಎತ್ತಿದರೆ ಒಬ್ಬ ಸಾಲ ಕೊಡುತ್ತೇನೆನ್ನುತ್ತಾನೆ, ಇನ್ನೊಬ್ಬಳು ಊರಾಚೆ ಪ್ಲಾಟು ಕೊಡುತ್ತೇನೆನ್ನುತ್ತಾಳೆ. ಒಮ್ಮೆ ಗಿರಾಕಿಯೆಂದೇ ತಿಳಿದು ಎಲ್ಲದಕ್ಕೂ ‘ಹೂಂ, ಹೂಂ’ ಎಂದು ಯಾವುದೋ ಜಿಮ್ಮಿನ ಸದಸ್ಯನಾಗಿಬಿಟ್ಟೆ. ಈ ಹೊಟ್ಟೆಗೆ ಜಿಮ್ಮು!

ಅಂದೇ ಹೆಂಡತಿ ಶಾಂತಾ ನನ್ನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು. “ಇನ್ನೊಮ್ಮೆ ಅಂಥಾವ್ರಿಗೆ ಹೂಂ ಅಂದ್ರ ಈ ಫೋನ್ ನಾ ಕಸಗೋತೀನಿ. ಬಟನ್ ಫೋನ್ ಹಿಡಕೊಂಡು ತಿರಗ್ರಿ!”

ಅಂಗಡಿಯ ಆರ್ಡರೆಲ್ಲ ವಾಟ್ಸಾಪಿನಲ್ಲೇ ಬರುವುದು. ಫೋನ್ ಹೋದರೆ ವ್ಯಾಪಾರವೂ ಹೋದಂತೆಯೇ. ಉಪಾಯವನ್ನೂ ಅವಳೇ ಹೇಳಿಕೊಟ್ಟಳು: “ಕನ್ನಡದಾಗ ಮಾತಾಡ್ರಿ. ತಾವಾಗೇ ಇಡ್ತಾರ.”

ಆಹಾ, ಎಂಥ ಅಸ್ತ್ರ! ತೆಲುಗಿನಲ್ಲಿ ಮಾಡಲಿ, ಹಿಂದಿಯಲ್ಲಿ ಮಾಡಲಿ, ನಾನು ಎಣ್ಣೆಗಾಯಿ ಮಾಡುವ ವಿಧಾನವನ್ನು ಸವಿಸ್ತಾರವಾಗಿ ನಿವೇದಿಸುತ್ತಿದ್ದೆ. ಒಗ್ಗರಣೆಗೆ ಬರುವಷ್ಟರಲ್ಲಿ ಆ ಕಡೆ ಯಾರೂ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಿದ್ದೆ. ಮಾದಾಪುರದ ಕಾಲ್ ಸೆಂಟರಿನಿಂದ ‘ರಿಯಾ’ ಎಂಬಾಕೆ ಹಿಂದಿಯಲ್ಲಿ ಕ್ರೆಡಿಟ್ ಕಾರ್ಡಿನ ಗುಣಗಾನ ಶುರು ಮಾಡಿದಳು. ನಾನೂ ಶುರು ಮಾಡಿದೆ: “ಮೊದಲ ಬದನಿಕಾಯಿ ಸೀಳಬೇಕವ್ವಾ. ಆಮ್ಯಾಲ ಶೇಂಗಾಪುಡಿ ತುಂಬಬೇಕು...”

ಆ ಕಡೆಯಿಂದ ಮೆಲ್ಲಗೆ, “ಗುರೆಳ್ಳುಪುಡಿ ಹಾಕೂದಿಲ್ಲೇನ್ರಿ ಕಾಕಾ?”

ಅಲ್ಲಿಗೇ ಫೋನ್ ಇಟ್ಟಿದ್ದರೆ ಬಚಾವಾಗುತ್ತಿದ್ದೆ. ಆದರೆ ನಮ್ಮ ಕಡೆಯ ಮಾತು ಕಿವಿಗೆ ಬಿದ್ದಮೇಲೆ ನಮ್ಮ ಬಾಯಿ ನಮ್ಮ ಮಾತು ಕೇಳುವುದಿಲ್ಲ. “ಯಾವ ಊರವ್ವಾ ನಿಂದು? ಯಾರ ಪೈಕಿ?” ಎಂದು ಕೇಳಿಯೇಬಿಟ್ಟೆ.

ರಿಯಾಳ ನಿಜನಾಮ ಭಾಗ್ಯಶ್ರೀ. ಊರು ಸೇಡಂ. ಶಾಂತಾಳ ತವರುಮನೆಯ ಓಣಿಯವಳೇ! ಹೊಸದಾಗಿ ಮದುವೆಯಾಗಿ ಹೈದರಾಬಾದಿಗೆ ಬಂದಿದ್ದಳು. ಶಾಂತಾ ನನ್ನ ಕೈಯಿಂದ ಫೋನ್ ಎಳೆದುಕೊಂಡು, “ಆಯ್ತವಾರ ಊಟಕ್ಕ ಬಾರವ್ವಾ” ಎಂದು ಕರೆದೇಬಿಟ್ಟಳು.

ಭಾನುವಾರ ಹುಡುಗಿ ಬಂದಳು. ಹೊಟ್ಟೆ ತುಂಬ ರೊಟ್ಟಿ ಉಂಡಳು, ಓಣಿಯ ಸುದ್ದಿಯೆಲ್ಲ ಹೇಳಿದಳು. ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡು, “ಈ ತಿಂಗಳ ಟಾರ್ಗೆಟ್ಟಿಗೆ ಒಂದ ಕಾರ್ಡ್ ಕಮ್ಮಿ ಬಿದ್ದೈತ್ರಿ ಕಾಕು. ನೌಕರಿ ಉಳೀತೈತೋ ಇಲ್ಲೋ” ಅಂದಳು. ಪಾಪ ಅನ್ನಿಸಿತು. ಆದರೂ ನಾನು ಗಟ್ಟಿಯಾಗಿ ತುಟಿ ಬಿಗಿದು ಕೂತೆ.

ಶಾಂತಾ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಖಣ ತಂದಳು. “ತವರಿನ ಹೆಣಮಗಳು ಮೊದಲನೇ ಸಲ ಮನಿಗೆ ಬಂದಾಳ, ಬರೇ ಉಡಿಲೇ ಕಳಸಬಾರ್ದು. ನಿನಗೇನ್ ಬೇಕು ಕೇಳವ್ವಾ.”

ಹುಡುಗಿ ತಲೆ ತಗ್ಗಿಸಿ ಹೇಳಿದಳು: “ಖಣ ಬ್ಯಾಡ್ರಿ ಕಾಕು. ಕಾಕಾ ಒಂದು ಕಾರ್ಡ್ ತಗೊಂಡ್ರ ಅದ ನನಗ ಉಡಿ.”

ನಾನು ನಗುತ್ತ ಶಾಂತಾಳ ಮುಖ ನೋಡಿದೆ. ಅವಳು ನಗಲಿಲ್ಲ. “ಏನ್ ನೋಡಾಕತ್ತೀರಿ? ಹೂಂ ಅನ್ರಿ!”

“ಆಣಿ ಮಾಡಿಸಿದ್ದಿಯಲ್ಲ?”

“ಅದು ಫೋನಿನ್ಯಾಗ ಬಂದವರಿಗೆ. ಇಕಿ ಮನಿಗೆ ಬಂದಾಳ!”

ಹೂಂ ಅಂದೆ. ಒಟಿಪಿ ಬಂತು. ಕುಂಕುಮದ ಕೈಯಲ್ಲೇ ಫೋನ್ ಹಿಡಿದು ಶಾಂತಾ ಅದನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದಳು. ನೌಕರಿ ಉಳಿಯಿತು!

ಮರುದಿನ ಊಟದ ಹೊತ್ತಿಗೆ ಮತ್ತೊಂದು ಫೋನು. “ಮಾಮಾರಿ, ನಾ ಭಾಗ್ಯಶ್ರೀ ಅಕ್ಕನ ಆಫೀಸಿನಾಂವ. ಯಾದಗಿರಿ ಕಡಿಯಾಂವ. ಇನ್ಶೂರೆನ್ಸ್ ಬಗ್ಗೆ...” ನಾನು ಇಡುವಷ್ಟರಲ್ಲಿ ಶಾಂತಾ ಫೋನ್ ಕಸಿದುಕೊಂಡಳು. “ಯಾದಗಿರಿ? ಯಾರ ಪೈಕಿ ಅಪ್ಪಾ ನೀನು?”

ಆ ಫೋನ್ ಮತ್ತೆ ನನ್ನ ಕೈಗೆ ಬಂದಿಲ್ಲ. ಅದರಲ್ಲಿ ಈಗ ಅರ್ಧ ಕಲ್ಯಾಣ ಕರ್ನಾಟಕವೇ ಅವಳೊಂದಿಗೆ ಮಾತಾಡುತ್ತದೆ. ನನ್ನ ಆರ್ಡರುಗಳನ್ನು ಅವಳು ಬಿಡುವಾದಾಗ ಓದಿ ಹೇಳುತ್ತಾಳೆ. ನನ್ನ ಜೇಬಿನಲ್ಲಿ ಬಟನ್ ಫೋನು. ನಿನ್ನೆ ಅದು ರಿಂಗಾಯಿತು. ಗಿರಾಕಿ ಇರಬೇಕೆಂದು ಆಸೆಯಿಂದ ಎತ್ತಿದೆ.

“ಈ ಆಯ್ತವಾರ ಹತ್ತು ಮಂದಿ ಬರಾಕತ್ತಾರ. ಬರೂಮುಂದ ಜ್ವಾಳದ ಹಿಟ್ಟು ತರ್ರಿ. ಮತ್ತ ಅವರೆಲ್ಲಾರ ಕಡೆನೂ ಏನೇನೋ ಸ್ಕೀಮ್ ಅದಾವಂತ, ಒಂದೊಂದು ತಗೊಳ್ರಿ.”

ಹೂಂ ಅಂದೆ.