ತೊಟ್ಟಿಲಿಗೆ ಕೈ ಹಾಕುವ ಚಿಕ್ಕಮ್ಮ

ಅಮ್ಮನ ತಂಗಿ, ನಮ್ಮ ಚಿಕ್ಕಮ್ಮನಿಗೆ ದಿಂಬು ಕದಿಯುವ ಚಟ ಉಂಟು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ, ತೊಂಬತ್ತರ ದಶಕದಲ್ಲಿ ತೊಟ್ಟಿಲು ಕಟ್ಟಿದ ನಮ್ಮ ಯಾವ ನೆಂಟರ ಮನೆಯಲ್ಲಾದರೂ ವಿಚಾರಿಸಿ. ಮಗು ನೋಡಲು ಹೋದವರು ಅಂಗಿಯೋ ಗಿಲಕಿಯೋ ಕೊಟ್ಟು ಬರುತ್ತಾರೆ. ಚಿಕ್ಕಮ್ಮ ಮಾತ್ರ ತೊಟ್ಟಿಲಿಗೆ ಕೈ ಹಾಕಿ ಇದ್ದದ್ದನ್ನೆಲ್ಲ ಹೊರಗೆ ತೆಗೆಯುತ್ತಾರೆ! ದಿಂಬು, ಗೊಂಬೆ, ಶಾಲು, ಮಡಚಿಟ್ಟ ಸೀರೆ. ಒಂದು ಮನೆಯಲ್ಲಿ ದೃಷ್ಟಿ ತಾಗದಿರಲೆಂದು ದಿಂಬಿನಡಿ ಇಟ್ಟ ಚೂರಿಯೂ ಸಿಕ್ಕಿತು. ಸೌತೆಕಾಯಿ ಹೆಚ್ಚಲಿಕ್ಕೆ ಒಳ್ಳೆಯದುಂಟು ಎಂದು ಅದನ್ನು ಅಡುಗೆಮನೆಗೆ ಕೊಟ್ಟು ಬಂದರಂತೆ.

ಮಗುವನ್ನು ಅಂಗಾತ ಮಲಗಿಸಬೇಕು, ಮುಖದ ಹತ್ತಿರ ಮೆತ್ತಗಿನದ್ದೇನೂ ಇರಬಾರದು, ಕೋಣೆಯಲ್ಲಿ ಹೊಗೆ ಕೂಡದು. ಮಂಗಳೂರಿನ ಮಕ್ಕಳ ಡಾಕ್ಟರೊಬ್ಬರು ಹೇಳಿದ ಇಷ್ಟೇ ಚಿಕ್ಕಮ್ಮನ ವೇದ. ಅಳದಂಗಡಿಯ ದೊಡ್ಡ ಮಾವನೆಂದರೆ ಎದುರು ನಿಲ್ಲಲು ಊರೇ ಹೆದರುತ್ತಿತ್ತು. ಅವರು ಮೊಮ್ಮಗನ ತೊಟ್ಟಿಲ ಪಕ್ಕ ಕೂತು ಬೀಡಿ ಬಾಯಿಗಿಟ್ಟರು. ಬೆಂಕಿಪೆಟ್ಟಿಗೆ ತರಲು ಎದ್ದದ್ದೇ ತಡ, ಚಿಕ್ಕಮ್ಮ ಅವರ ಕುರ್ಚಿಯನ್ನೆತ್ತಿ ಅಂಗಳದಲ್ಲಿಟ್ಟರು! ಮೂರು ವರ್ಷ ಆ ಮನೆಯಿಂದ ಚಿಕ್ಕಮ್ಮನಿಗೆ ಕರೆ ಬರಲಿಲ್ಲ. ಕರೆಯದೆಯೇ ಹೋಗುತ್ತಿದ್ದರು, ಅದು ಬೇರೆ ಮಾತು. ನೆಂಟರೆಲ್ಲ ಹುಚ್ಚಿ ಎಂದರು. ಈಗ ಯಾರಾದರೂ ನನ್ನೆದುರು ಬಂದು ಹಾಗೆ ಅನ್ನಲಿ, ನೋಡುವ!

ನನ್ನ ಮಗಳು ಹುಟ್ಟಿದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ, ಏಪ್ರಿಲ್ ಸೆಕೆಯಲ್ಲಿ, ಬೆಳ್ತಂಗಡಿಯ ತವರಿನಲ್ಲಿ. ದುಬೈಯಲ್ಲಿದ್ದ ಗಂಡ ಹುಲಿಯ ಚಿತ್ರದ ದಪ್ಪ ಕಂಬಳಿ ಕಳಿಸಿದ್ದರು. ಆ ಸೆಕೆಯಲ್ಲಿ ಹುಲಿಯೇ ಬೆವರಬೇಕು! ಮೂಡುಬಿದಿರೆಯಿಂದ ಅತ್ತೆ ಸಾಸಿವೆ ತುಂಬಿದ ತಲೆದಿಂಬು ತಂದರು. ಚಿಕ್ಕಮ್ಮ ಎರಡನ್ನೂ ತೊಟ್ಟಿಲಿನಿಂದೆತ್ತಿ ಕಂಕುಳಲ್ಲಿ ಇರುಕಿಕೊಂಡರು.

"ದಿಂಬು ಇಲ್ಲದಿದ್ರೆ ತಲೆ ಉರುಟು ಆಗುವುದು ಹೇಗೆ?" ಎಂದರು ಅತ್ತೆ.

"ಚಪ್ಪಟೆ ಆದ್ರೆ ಆಗ್ಲಿ. ಉಸಿರು ಉಂಟಲ್ಲ, ಅದು ಸಾಕು," ಎಂದರು ಚಿಕ್ಕಮ್ಮ.

ಅತ್ತೆಯ ಮುಖ ಕೆಂಪಾಯಿತು. ಮಗು ನಮ್ಮ ಮನೆಯದ್ದು, ಕಂಡಕಂಡವರು ಕೈ ಹಾಕುವುದಾದರೆ ನಾಳೆಯೇ ಮೂಡುಬಿದಿರೆಗೆ ಕರೆದುಕೊಂಡು ಹೋಗುತ್ತೇನೆ ಎಂದರು. ನಲವತ್ತು ದಿನ ತುಂಬದ ಬಾಣಂತಿ ನಾನು, ಅತ್ತೆಯನ್ನು ಎದುರು ಹಾಕಿಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು? ಸಿಟ್ಟೆಲ್ಲ ಚಿಕ್ಕಮ್ಮನ ಮೇಲೆ ತಿರುಗಿತು.

"ದಿಂಬು ಕೊಡಿ ಚಿಕ್ಕಮ್ಮ. ನೀವು ಹೆತ್ತವರಲ್ಲ, ನಿಮಗೇನು ಗೊತ್ತು?" ಎಂದುಬಿಟ್ಟೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಚಿಕ್ಕಮ್ಮ ಕೊಡಲಿಲ್ಲ.

"ನಿನಗೊಬ್ಬ ಅಣ್ಣ ಇದ್ದ," ಎಂದರು. "ಎರಡು ತಿಂಗಳಿನವ. ಮೆತ್ತಗೆ ಇರ್ಲಿ ಅಂತ ಬೂರುಗದ ಹತ್ತಿಯ ದಿಂಬು ಹೊಲಿದು ಕೊಟ್ಟದ್ದು ನಾನು. ಬೆಳಿಗ್ಗೆ ನೋಡುವಾಗ ಅವನ ಮುಖ ಅದರೊಳಗೆ ಉಂಟು, ಉಸಿರು ಇಲ್ಲ. ದಿಂಬಿನಿಂದಲೇ ಹೋದನಾ ಅಂತ ಡಾಕ್ಟ್ರಿಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಸುಮ್ಮನೆ ಕೂತುಕೊಳ್ಳುವುದಾ? ನಾನು ತೆಗೀತೇನೆ. ಬೈಯುವವರು ಬೈಯಲಿ."

ಅಣ್ಣನ ಸುದ್ದಿಯನ್ನು ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಿದೆ. ನನಗೆ ಅಳು ಬಂತು.

ಅತ್ತೆ ಎದ್ದು, ಚಿಕ್ಕಮ್ಮನ ಕಂಕುಳಿನಿಂದ ದಿಂಬನ್ನೂ ಕಂಬಳಿಯನ್ನೂ ಮೆಲ್ಲಗೆ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ಅಮ್ಮ ನನ್ನ ಮಡಿಲಿನಿಂದ ಮಗುವನ್ನೆತ್ತಿ ತಂಗಿಯ ಖಾಲಿ ಕೈಗಳಲ್ಲಿಟ್ಟಳು.

"ನೀನೇ ಮಲಗಿಸು," ಎಂದವಳು ನನ್ನತ್ತ ಕೈ ತೋರಿಸಿದಳು. "ಅವನು ಹೋದ ಮೇಲೆ ಇವಳು ಹುಟ್ಟಿದಾಗಲೂ ನಾನು ಮೊದಲು ನಿನ್ನ ಕೈಗೇ ಅಲ್ವಾ ಕೊಟ್ಟದ್ದು?"